ಶಬ್ದದ ಎನ್‌ಕೋಡರ್ ಎಫ್‌ಎಫ್‌ಎಂಪೆಗ್ ಒಳಗಿರಬೇಕೆ, ಹೊರಗಿರಬೇಕೆ?

ಓದುಗರ ಪ್ರಶ್ನೆ – ನಮ್ಮ ಉತ್ತರ

ಪ್ರಶ್ನೆ: ನಾವು ಕಲಬುರಗಿಯ ಎಂಜಿನಿಯರಿಂಗ್ ಕಾಲೇಜೊಂದರ ಅಂತಿಮ ವರ್ಷದ ವಿದ್ಯಾರ್ಥಿಗಳು. ಏಕತಾರಿ, ತಾಳ, ದಮ್ಮಡಿಗಳೊಡನೆ ಹಾಡುವ ತತ್ವಪದಗಳ ಧ್ವನಿಮುದ್ರಣಗಳು ಕಡಿಮೆ ಬಿಟ್‌ರೇಟಿನಲ್ಲಿಯೂ (ಸೆಕೆಂಡಿಗೆ ಬಳಸುವ ಬಿಟ್‌ಗಳ ಸಂಖ್ಯೆ) ಕೆಡದಂತೆ ಕಿರಿದಾಗಿಸುವ ಎನ್‌ಕೋಡರ್ ಒಂದನ್ನು ಪ್ರಾಜೆಕ್ಟಿಗೆ ಎತ್ತಿಕೊಂಡಿದ್ದೇವೆ. ಆಡಿಯೊ, ವಿಡಿಯೊ ಕಡತಗಳನ್ನು ಪರಿವರ್ತಿಸುವ ಮುಕ್ತ ತಂತ್ರಾಂಶವಾದ ಎಫ್‌ಎಫ್‌ಎಂಪೆಗ್ ಯೋಜನೆಯ ಒಳಗೇ ಬರೆದರೆ ಎಲ್ಲರಿಗೂ ತಲುಪುತ್ತದೆ ಎಂಬುದು ನಮ್ಮ ಮಾರ್ಗದರ್ಶಕರ ಅಭಿಪ್ರಾಯ. ಬೆಂಗಳೂರಿನಲ್ಲಿ ಕೆಲಸಕ್ಕಿರುವ ಸೀನಿಯರ್ ಒಬ್ಬರು ಪ್ರತ್ಯೇಕ ಲೈಬ್ರರಿಯಾಗಿ (ಬೇರೆ ಪ್ರೋಗ್ರಾಮುಗಳು ಕರೆದು ಬಳಸುವ ಕೋಡಾಗಿ) ಬರೆಯಲು ಹೇಳುತ್ತಿದ್ದಾರೆ. ಯಾವುದು ಸರಿ?
– ಬಿ.ಇ. ವಿದ್ಯಾರ್ಥಿಗಳು, ಕಲಬುರಗಿ

ಉತ್ತರ: ನಿಮ್ಮ ಪತ್ರದಿಂದ ಒಂದು ವಿಷಯ ತಿಳಿಯಲಿಲ್ಲ. ನೀವು ಹೊಸ ಫಾರ್ಮ್ಯಾಟನ್ನೇ ಹುಟ್ಟಿಸಲು ಹೊರಟಿದ್ದೀರೋ, ಅಥವಾ ಈಗಾಗಲೇ ಬಳಕೆಯಲ್ಲಿರುವ ಫಾರ್ಮ್ಯಾಟಿಗೆ ಇನ್ನೊಂದು ಎನ್‌ಕೋಡರ್ ಬರೆಯುತ್ತೀರೋ? ಮೊದಲನೆಯದಾದರೆ ದಯವಿಟ್ಟು ಕೈಬಿಡಿ. ಹೊಸ ಫಾರ್ಮ್ಯಾಟಿಗೆ ಪ್ರತಿಯೊಂದು ಮೊಬೈಲಿನಲ್ಲಿಯೂ ಅದನ್ನು ಮರಳಿ ಶಬ್ದವಾಗಿಸುವ ಹೊಸ ಡಿಕೋಡರ್ ಬೇಕಾಗುತ್ತದೆ, ಅದು ನಾಲ್ವರು ವಿದ್ಯಾರ್ಥಿಗಳಿಂದ ಆಗುವ ಕೆಲಸವಲ್ಲ. ಎರಡನೆಯದಕ್ಕೆ ಮಾತ್ರ ವಿಶಾಲವಾದ ಅವಕಾಶವಿದೆ. ಎಂಪಿ3, ಎಎಸಿ ಮೊದಲಾದ ಎಂಪೆಗ್ ಮಾನದಂಡಗಳು ಬಿಟ್‌ಗಳ ಜೋಡಣೆ ಹೇಗಿರಬೇಕು, ಡಿಕೋಡರ್ ಅದನ್ನು ಹೇಗೆ ಓದಬೇಕು ಎಂಬುದನ್ನು ನಿಗದಿಪಡಿಸುತ್ತವೆ. ಯಾವ ಶಬ್ದಕ್ಕೆ ಎಷ್ಟು ಬಿಟ್ ಕೊಡಬೇಕು, ಯಾವುದನ್ನು ಕಿವಿ ಗಮನಿಸುವುದಿಲ್ಲವೆಂದು ಬಿಡಬೇಕು ಎಂಬ ತೀರ್ಮಾನವೆಲ್ಲ ಎನ್‌ಕೋಡರ್ ಬರೆಯುವವರ ವಿವೇಚನೆಗೆ ಸೇರಿದ್ದು. ಹೀಗಾಗಿಯೇ ಒಂದೇ ಫಾರ್ಮ್ಯಾಟಿನ, ಒಂದೇ ಬಿಟ್‌ರೇಟಿನ ಎರಡು ಎನ್‌ಕೋಡರುಗಳ ಫಲಿತಾಂಶದಲ್ಲಿ ಎದ್ದು ಕಾಣುವ ವ್ಯತ್ಯಾಸವಿರಬಹುದು.

ಇನ್ನು ಒಳಗೋ ಹೊರಗೋ ಎಂಬುದು. 2000ದಲ್ಲಿ ಫ್ಯಾಬ್ರಿಸ್ ಬೆಲ್ಲಾರ್ ಆರಂಭಿಸಿದ ಎಫ್‌ಎಫ್‌ಎಂಪೆಗ್ ಇಂದು ವಿಎಲ್‌ಸಿಯಂತಹ ಪ್ಲೇಯರುಗಳಿಂದ ಹಿಡಿದು ಬ್ರೌಸರುಗಳವರೆಗೆ ಎಲ್ಲೆಡೆ ಕೆಲಸ ಮಾಡುತ್ತಿದೆ. ಅದರ ಲಿಬ್‌ಎವಿಕೋಡೆಕ್ ಎಂಬ ಭಾಗದಲ್ಲಿ ಎರಡು ಬಗೆಯ ಎನ್‌ಕೋಡರುಗಳಿವೆ. ಎಎಸಿ, ಫ್ಲಾಕ್, ಎಸಿ-3 ಮುಂತಾದ ಫಾರ್ಮ್ಯಾಟುಗಳವು ಅಲ್ಲಿಯೇ ಬರೆದಂಥವು. ಎಂಪಿ3ಯದು ಹಾಗಲ್ಲ. ಅದಕ್ಕೆ ಎಫ್‌ಎಫ್‌ಎಂಪೆಗ್‌ನ ಸ್ವಂತ ಎನ್‌ಕೋಡರೇ ಇಲ್ಲ, ಲೇಮ್ ಎಂಬ ಹೊರಗಿನ ಲೈಬ್ರರಿಯನ್ನು ಕರೆಯುವ ಕೆಲವು ನೂರು ಸಾಲಿನ ಹೊದಿಕೆ ಕೋಡ್ ಮಾತ್ರವಿದೆ. ಬಳಸುವವರಿಗೆ ಈ ಭೇದ ತಿಳಿಯುವುದೇ ಇಲ್ಲ. ಒಳಗೆ ಬರೆದರೆ ಮಾತ್ರ ಎಲ್ಲರಿಗೂ ತಲುಪುತ್ತದೆ ಎಂಬ ನಿಮ್ಮ ಮಾರ್ಗದರ್ಶಕರ ವಾದಕ್ಕೆ ಎಂಪಿ3 ಒಂದೇ ಸಾಕಷ್ಟು ದೊಡ್ಡ ಅಪವಾದ.

ಲೇಮ್ ಬೆಳೆದ ಬಗೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. 1998ರಲ್ಲಿ ಮೈಕ್ ಚೆಂಗ್ ಎಂಬವರು ಅಂತರರಾಷ್ಟ್ರೀಯ ಮಾನದಂಡಗಳ ಐಎಸ್‌ಒ ಸಂಸ್ಥೆಯ ಮಾದರಿ ಕೋಡಿನ ಮೇಲೆ ಹಾಕಿದ ಪ್ಯಾಚಾಗಿ (ತಿದ್ದುಪಡಿಯಾಗಿ) ಅದು ಹುಟ್ಟಿತು. ಆ ಮಾದರಿ ಕೋಡ್ ನಿಧಾನವಾಗಿತ್ತು, ಅದರ ಶಬ್ದವೂ ಅಷ್ಟಕ್ಕಷ್ಟೇ. ಅನಂತರ ಮಾರ್ಕ್ ಟೇಲರ್ ಮತ್ತಿತರರು ಒಂದೊಂದೇ ಭಾಗವನ್ನು ಹೊಸದಾಗಿ ಬರೆಯುತ್ತ ಹೋದರು. 2000ದ ಮೇ ಹೊತ್ತಿಗೆ ಮೂಲ ಮಾದರಿ ಕೋಡಿನ ಕೊನೆಯ ತುಣುಕೂ ಹೊರಬಿತ್ತು. ಆಮೇಲಿನ ವರ್ಷಗಳಲ್ಲಿ ಅವರು ಮಾಡಿದ ಮುಖ್ಯ ಕೆಲಸವೆಂದರೆ ಕೇಳುವುದು, ತಿದ್ದುವುದು, ಮತ್ತೆ ಕೇಳುವುದು. ಯಾವ ಹಾಡಿನ ಯಾವ ಕ್ಷಣದಲ್ಲಿ ಶಬ್ದ ಒಡೆಯುತ್ತದೆಂದು ಕೇಳುಗರು ತಿಳಿಸುವುದು, ಅದಕ್ಕೆ ತಕ್ಕಂತೆ ಕಿವಿಗೆ ಯಾವುದು ಕೇಳುತ್ತದೆ, ಯಾವುದು ಕೇಳುವುದಿಲ್ಲ ಎಂದು ಅಂದಾಜಿಸುವ ಮನಃಶ್ರಾವ್ಯ ಮಾದರಿಯನ್ನು ಸರಿಪಡಿಸುವುದು ವರ್ಷಗಟ್ಟಲೆ ನಡೆಯಿತು. ತಮ್ಮದೇ ಯೋಜನೆಯಾದ್ದರಿಂದ ಬೇಕೆಂದಾಗ ಹೊಸ ಆವೃತ್ತಿ ಬಿಡುಗಡೆ ಮಾಡಲು, ಹದಗೆಟ್ಟರೆ ಹಿಂದೆಗೆಯಲು ಅವರು ಸ್ವತಂತ್ರರಾಗಿದ್ದರು.

ಒಳಗೆ ಬರೆದ ಎಎಸಿ ಎನ್‌ಕೋಡರಿನ ಕಥೆ ಬೇರೆ. ಕಾನ್‌ಸ್ಟಾಂಟಿನ್ ಶಿಷ್ಕೋವ್ ಅವರ ಕೋಡ್ 2008ರಲ್ಲಿ ಸೇರಿತು. ಆದರೆ ಗುಣಮಟ್ಟ ಸಾಲದೆಂಬ ಕಾರಣಕ್ಕೆ ಅದಕ್ಕೆ ‘ಪ್ರಾಯೋಗಿಕ’ ಎಂಬ ಪಟ್ಟಿ ಹಚ್ಚಲಾಗಿತ್ತು, ಬಳಸುವವರು ಪ್ರತಿ ಸಲವೂ ‘ಸ್ಟ್ರಿಕ್ಟ್ ಎಕ್ಸ್‌ಪೆರಿಮೆಂಟಲ್’ ಎಂಬ ಆಯ್ಕೆಯನ್ನು ಸೇರಿಸಿ ಒಪ್ಪಿಗೆ ಸೂಚಿಸಬೇಕಿತ್ತು. 2015ರಲ್ಲಿ ಗೂಗಲ್ ಸಮ್ಮರ್ ಆಫ್ ಕೋಡ್ ಕಾರ್ಯಕ್ರಮದ ವಿದ್ಯಾರ್ಥಿಯಾಗಿ ಬಂದ ರೊಸ್ಟಿಸ್ಲಾವ್ ಪೆಹ್ಲಿವಾನೋವ್ ಮತ್ತು ಅವರೊಡನೆ ಕ್ಲಾಡಿಯೊ ಫ್ರೇರಿ ಅದನ್ನು ಕೈಗೆತ್ತಿಕೊಂಡ ಮೇಲೆ ಆ ವರ್ಷದ ಡಿಸೆಂಬರಿನಲ್ಲಿ ಪಟ್ಟಿ ಹೋಯಿತು, 2016ರ ಫೆಬ್ರವರಿಯ 3.0 ಆವೃತ್ತಿಯಲ್ಲಿ ಅದು ಅಧಿಕೃತವಾಗಿ ಸ್ಥಿರವೆನಿಸಿತು. ನಡುವೆ ಏಳು ವರ್ಷ ಕಳೆದಿದ್ದವು. ಅಷ್ಟು ದೊಡ್ಡ ಯೋಜನೆಯ ಒಳಗಿದ್ದರೂ ಅದನ್ನೇ ತನ್ನದೆಂದು ಹಚ್ಚಿಕೊಂಡು ಕೇಳಿ ತಿದ್ದುವವರಿಲ್ಲದಿದ್ದರೆ ಎನ್‌ಕೋಡರ್ ಮುಂದೆ ಸಾಗುವುದಿಲ್ಲ.

ಒಳಗೆ ಸಿಗುವ ಸೌಲಭ್ಯಗಳನ್ನು ನಾನು ಕಡಿಮೆ ಮಾಡಿ ಹೇಳುತ್ತಿಲ್ಲ. ಶಬ್ದವನ್ನು ಆವರ್ತನಗಳಾಗಿ ಬಿಡಿಸುವ ಎಂಡಿಸಿಟಿ ರೂಪಾಂತರ, ಬಿಟ್ ಬರೆಯುವ ಕೋಡ್, ಹಲವು ಬಗೆಯ ಪ್ರೊಸೆಸರುಗಳಿಗೆ ಅಸೆಂಬ್ಲಿಯಲ್ಲಿ ಬರೆದ ವೇಗದ ಭಾಗಗಳು, ಪ್ರತಿ ಬದಲಾವಣೆಯ ನಂತರ ಫಲಿತಾಂಶವನ್ನು ಹೋಲಿಸಿ ನೋಡುವ ಫೇಟ್ ಎಂಬ ಪರೀಕ್ಷಾ ವ್ಯವಸ್ಥೆ ಎಲ್ಲವೂ ಸಿದ್ಧವಾಗಿವೆ. ಆದರೆ ಅಲ್ಲಿನ ಒಳ ಇಂಟರ್‌ಫೇಸುಗಳು ಬದಲಾಗುತ್ತಲೇ ಇರುತ್ತವೆ. ಪ್ಯಾಚುಗಳನ್ನು ಸಣ್ಣದಾಗಿ ಒಡೆದು ಕಳುಹಿಸಬೇಕು, ಬಂದ ಟೀಕೆಗೆ ಉತ್ತರಿಸಿ ಮತ್ತೆ ಕಳುಹಿಸಬೇಕು, ಪರಿಶೀಲಿಸುವವರಿಗೆ ಬಿಡುವಾಗುವವರೆಗೆ ಕಾಯಬೇಕು. ಎಂಟನೆಯ ಸೆಮಿಸ್ಟರಿನ ವೈವಾ ದಿನಾಂಕವನ್ನು ಅಲ್ಲಿ ಯಾರೂ ಕೇಳುವುದಿಲ್ಲ.

ನಿಮ್ಮ ವಿಷಯದಲ್ಲಿ ಹೊರಗೆ ಬರೆಯುವುದೇ ಮೇಲೆಂದು ನಾನು ಭಾವಿಸುವುದಕ್ಕೆ ಇನ್ನೊಂದು ಕಾರಣ ತತ್ವಪದದ ಶಬ್ದದಲ್ಲಿಯೇ ಇದೆ. ಎಎಸಿ 1024 ಸ್ಯಾಂಪಲ್‌ಗಳ (ಶಬ್ದದ ಬಿಡಿ ಅಳತೆಗಳ) ಫ್ರೇಮಿನಲ್ಲಿ ಕೆಲಸ ಮಾಡುತ್ತದೆ, ಅದು ಒಂದು ಸಲಕ್ಕೆ ನೋಡುವ ದೀರ್ಘ ಕಿಟಕಿ 2048 ಸ್ಯಾಂಪಲ್‌ಗಳದು. ಅಂದರೆ ಸೆಕೆಂಡಿಗೆ 44,100 ಸ್ಯಾಂಪಲ್‌ಗಳ ಧ್ವನಿಮುದ್ರಣದಲ್ಲಿ ಸುಮಾರು 46 ಮಿಲಿಸೆಕೆಂಡ್. ಬಿಟ್ ಉಳಿಸುವಾಗ ಹುಟ್ಟುವ ದೋಷ ಆ ಕಿಟಕಿಯ ಉದ್ದಕ್ಕೂ ಹರಡುತ್ತದೆ. ಒಂದೇ ಶ್ರುತಿಯಲ್ಲಿ ಮಿಡಿಯುವ ಏಕತಾರಿಗೆ ಇದು ಹೇಳಿ ಮಾಡಿಸಿದಂತಿದೆ, ಏಕೆಂದರೆ ದೀರ್ಘ ಕಿಟಕಿಯಲ್ಲಿ ಅದರ ಸ್ವರಗಳು ಕೆಲವೇ ಸಂಖ್ಯೆಗಳಲ್ಲಿ ಅಡಕವಾಗುತ್ತವೆ. ಆದರೆ ಅದೇ ಕಿಟಕಿಯ ಕೊನೆಯಲ್ಲಿ ದಮ್ಮಡಿಯ ಪೆಟ್ಟು ಬಿದ್ದರೆ, ಪೆಟ್ಟಿನ ದೋಷ ಪೆಟ್ಟಿಗಿಂತ ಮೊದಲೇ ‘ಶ್’ ಎಂದು ಕೇಳಿಸುತ್ತದೆ. ದೊಡ್ಡ ಶಬ್ದವೊಂದು ತನಗಿಂತ ಮುಂಚಿನ ಸಣ್ಣ ಶಬ್ದವನ್ನು ಮರೆಮಾಚುವುದು ಕೆಲವೇ ಮಿಲಿಸೆಕೆಂಡುಗಳ ಮಟ್ಟಿಗೆ, ಅದಕ್ಕೂ ಹಿಂದಿನದನ್ನು ಕಿವಿ ಹಿಡಿದುಬಿಡುತ್ತದೆ. ಇದಕ್ಕೆ ಮಾನದಂಡದಲ್ಲಿಯೇ ಪರಿಹಾರವಿದೆ. ಒಂದು ಫ್ರೇಮನ್ನು 128 ಸ್ಯಾಂಪಲ್‌ಗಳ ಎಂಟು ತುಂಡುಗಳಾಗಿ ಮಾಡಿಕೊಂಡರೆ ದೋಷ ಪೆಟ್ಟಿನ ಆಸುಪಾಸಿನಲ್ಲಿಯೇ ಉಳಿಯುತ್ತದೆ. ಆದರೆ ಹಾಗೆ ತುಂಡರಿಸಿದ ಕೂಡಲೇ ಏಕತಾರಿಯ ಶ್ರುತಿಗೆ ಹೆಚ್ಚು ಬಿಟ್ ಬೇಕಾಗುತ್ತದೆ, ಕಡಿಮೆ ಬಿಟ್‌ರೇಟಿನಲ್ಲಿ ಆ ಬಿಟ್‌ಗಳು ಇರುವುದಿಲ್ಲ. ತಾಳದ ಕಂಚಿನ ಝೇಂಕಾರ ಮೇಲಿನ ಆವರ್ತನಗಳನ್ನೆಲ್ಲ ತುಂಬಿಕೊಂಡು ಇದನ್ನು ಇನ್ನಷ್ಟು ಜಟಿಲಗೊಳಿಸುತ್ತದೆ. ಯಾವಾಗ ಕಿಟಕಿ ಬದಲಿಸಬೇಕು, ಮುಂದಿನ ಫ್ರೇಮುಗಳಿಗೆಂದು ಎಷ್ಟು ಬಿಟ್ ಮೊದಲೇ ಉಳಿಸಿಡಬೇಕು ಎಂಬ ತೀರ್ಮಾನವೇ ನಿಮ್ಮ ಪ್ರಾಜೆಕ್ಟಿನ ತಿರುಳಾಗಬೇಕು. ಇದಕ್ಕೆ ದಿನಕ್ಕೆ ಹತ್ತು ಸಲ ಕೋಡ್ ಬದಲಿಸಿ ಕೇಳುವ ಸ್ವಾತಂತ್ರ್ಯ ಬೇಕು. ಬೇರೆಯವರ ಪರಿಶೀಲನೆಗೆ ಕಾಯುತ್ತ ಕುಳಿತು ಮಾಡುವ ಕೆಲಸ ಇದಲ್ಲ.

ಸೀನಿಯರ್ ಮಾತು ಕೇಳಿ. ಮಾರ್ಗದರ್ಶಕರ ಮಾತನ್ನು ಮುಂದಿನ ವರ್ಷಕ್ಕೆ ಇಟ್ಟುಕೊಳ್ಳಿ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ. ಭಜನೆ, ತತ್ವಪದ, ಉರುಸಿನ ಕವ್ವಾಲಿಗಳ ಹಳೆಯ ಕ್ಯಾಸೆಟ್‌ಗಳನ್ನು ಕಂಪ್ಯೂಟರಿಗೆ ಏರಿಸುತ್ತಿದ್ದೇನೆ. ಓಪಸ್ ಫಾರ್ಮ್ಯಾಟಿಗೆ ಬದಲಾಯಿಸಲು ಹೋದರೆ ಎಫ್‌ಎಫ್‌ಎಂಪೆಗ್ ‘ಈ ಎನ್‌ಕೋಡರ್ ಪ್ರಾಯೋಗಿಕ’ ಎಂದು ನಿಂತುಬಿಡುತ್ತದೆ. ಎಎಸಿಗೆ ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಯ ಎನ್‌ಕೋಡರ್ ಒಳ್ಳೆಯದೆಂದು ಓದಿದೆ, ಅದು ನನ್ನ ಉಬುಂಟುವಿನ ಎಫ್‌ಎಫ್‌ಎಂಪೆಗ್‌ನಲ್ಲಿ ಇಲ್ಲ. ಏಕೆ?
– ಓದುಗರು, ಬೀದರ್

ಉತ್ತರ: ಎರಡಕ್ಕೂ ಕಾರಣ ಮೇಲಿನ ಒಳಗು-ಹೊರಗುಗಳದೇ. ನೀವು ಆದೇಶದಲ್ಲಿ ಬರೀ ‘ಓಪಸ್’ ಎಂದು ಬರೆದಿರಬೇಕು. ಆ ಹೆಸರಿನದು ಎಫ್‌ಎಫ್‌ಎಂಪೆಗ್‌ನ ಸ್ವಂತ ಎನ್‌ಕೋಡರ್. ಓಪಸ್ ಫಾರ್ಮ್ಯಾಟಿನಲ್ಲಿ ಮಾತಿಗೆ ಹೊಂದುವ ಸಿಲ್ಕ್, ಸಂಗೀತಕ್ಕೆ ಹೊಂದುವ ಸೆಲ್ಟ್ ಎಂಬ ಎರಡು ಭಾಗಗಳಿದ್ದು, ಈ ಎನ್‌ಕೋಡರ್ ಸೆಲ್ಟ್ ಭಾಗವನ್ನಷ್ಟೇ ಬಳಸುತ್ತದೆ. ಅದರ ಬದಲು ‘ಲಿಬ್‌ಓಪಸ್’ ಎಂದು ಬರೆಯಿರಿ. ಅದು ಫಾರ್ಮ್ಯಾಟನ್ನು ರೂಪಿಸಿದವರೇ ನೋಡಿಕೊಳ್ಳುತ್ತಿರುವ ಹೊರಗಿನ ಲೈಬ್ರರಿ. ದೋಷದ ಸಂದೇಶವನ್ನು ಕೊನೆಯವರೆಗೆ ಓದಿದರೆ ಅಲ್ಲಿಯೇ ಈ ಸಲಹೆ ಸಿಗುತ್ತದೆ. ವೋರ್ಬಿಸ್ ಎಂಬ ಇನ್ನೊಂದು ಫಾರ್ಮ್ಯಾಟಿಗೂ ಇದೇ ಮಾತು, ಅಲ್ಲಿಯೂ ‘ಲಿಬ್‌ವೋರ್ಬಿಸ್’ ಬಳಸಿ.

ಫ್ರೌನ್‌ಹೋಫರ್ ಎನ್‌ಕೋಡರಿನ ತೊಡಕು ಪರವಾನಗಿಯದು. ಆಂಡ್ರಾಯ್ಡ್‌ಗಾಗಿ ಅದರ ಕೋಡನ್ನು ಬಹಿರಂಗಪಡಿಸಿದಾಗ ಜತೆಗೆ ಬಂದ ಷರತ್ತುಗಳು ಜಿಪಿಎಲ್ ಎಂಬ ಮುಕ್ತ ತಂತ್ರಾಂಶ ಪರವಾನಗಿಗೆ ಹೊಂದುವುದಿಲ್ಲ. ಲಿನಕ್ಸ್ ವಿತರಣೆಗಳ ಎಫ್‌ಎಫ್‌ಎಂಪೆಗ್‌ನಲ್ಲಿ ಎಕ್ಸ್264 ಎಂಬ ವಿಡಿಯೊ ಎನ್‌ಕೋಡರಿನಂತಹ ಜಿಪಿಎಲ್ ಭಾಗಗಳು ಸೇರಿರುತ್ತವೆ, ಆದ್ದರಿಂದ ಎರಡನ್ನೂ ಕೂಡಿಸಿದ ಪ್ರೋಗ್ರಾಮನ್ನು ಇತರರಿಗೆ ಹಂಚುವಂತಿಲ್ಲ. ಸ್ವಂತ ಬಳಕೆಗೆ ನೀವೇ ಕಂಪೈಲ್ ಮಾಡಿಕೊಳ್ಳಬಹುದು. ಆದರೆ ನಿಮ್ಮ ಕೆಲಸಕ್ಕೆ ಅಷ್ಟು ಶ್ರಮ ಬೇಕಿಲ್ಲ. 128 ಕಿಲೋಬಿಟ್ಟಿಗೆ ಎಫ್‌ಎಫ್‌ಎಂಪೆಗ್‌ನ ಸ್ವಂತ ಎಎಸಿ ಎನ್‌ಕೋಡರೇ ಸಾಕು.

ನೀವು ಕೇಳದಿದ್ದರೂ ಒಂದು ಮಾತು ಹೇಳಲೇಬೇಕು. ಕ್ಯಾಸೆಟ್ಟಿನಿಂದ ನೇರವಾಗಿ ಎಎಸಿಗೋ ಓಪಸ್‌ಗೋ ಇಳಿಸಿ, ಮೂಲ ಕಡತವನ್ನು ಅಳಿಸಬೇಡಿ. ಧ್ವನಿ ಸಂಗ್ರಹಗಳ ಅಂತರರಾಷ್ಟ್ರೀಯ ಸಂಘಟನೆಯಾದ ಐಎಎಸ್‌ಎ ಕನಿಷ್ಠ 48 ಕಿಲೋಹರ್ಟ್ಸ್, 24 ಬಿಟ್ಟಿನಲ್ಲಿ ಮುದ್ರಿಸಬೇಕೆಂದು ಹೇಳುತ್ತದೆ. ಏಕವಾಹಿನಿ (ಮೋನೊ) ಆದರೆ ಇದು ಗಂಟೆಗೆ ಸುಮಾರು 518 ಎಂಬಿ. ಅದನ್ನು ಫ್ಲಾಕ್ ಮಾಡಿ ಇಟ್ಟರೆ ಒಂದು ಬಿಟ್ಟೂ ನಷ್ಟವಾಗದೆ ಗಾತ್ರ ಇಳಿಯುತ್ತದೆ. ಆದರೆ ಟೇಪಿನ ಹಿಸ್ ಸದ್ದಿನಲ್ಲಿ ಮುಂದಿನದನ್ನು ಊಹಿಸಲು ಬರುವ ಕ್ರಮ ಯಾವುದೂ ಇಲ್ಲದ ಕಾರಣ, ಹಾಳಾದ ಕ್ಯಾಸೆಟ್ಟುಗಳ ಕಡತ ಹೆಚ್ಚು ಕುಗ್ಗುವುದಿಲ್ಲ. ಊರವರಿಗೆ ವಾಟ್ಸ್ಯಾಪಿನಲ್ಲಿ ಕಳುಹಿಸಲು 64 ಕಿಲೋಬಿಟ್ಟಿನ ಓಪಸ್ ಪ್ರತಿ ಮಾಡಿಕೊಳ್ಳಿ, ಗಂಟೆಗೆ 29 ಎಂಬಿಯಷ್ಟಾಗುತ್ತದೆ.

ಪ್ರಶ್ನೆ: ವಿದ್ಯಾರ್ಥಿಗಳು ಹೊರಗೆ ಬರೆದದ್ದನ್ನು ಮುಂದೆ ಎಫ್‌ಎಫ್‌ಎಂಪೆಗ್ ಒಳಗೆ ಸೇರಿಸಲು ಸಾಧ್ಯವೆ? ಹಾಗಾಗಬೇಕಾದರೆ ಆರಂಭದಿಂದ ಏನನ್ನು ಗಮನದಲ್ಲಿಡಬೇಕು?
– ಉಪನ್ಯಾಸಕರು, ಕಲಬುರಗಿ

ಉತ್ತರ: ಸಾಧ್ಯ. ಜಸ್ಟಿನ್ ರಗಲ್ಸ್ ಅವರು 2006ರಲ್ಲಿ ಫ್ಲೇಕ್ ಎಂಬ ಫ್ಲಾಕ್ ಎನ್‌ಕೋಡರನ್ನು ಹೊರಗೆ ಬರೆದು, ಅದರಿಂದಲೇ ಎಫ್‌ಎಫ್‌ಎಂಪೆಗ್‌ನ ಫ್ಲಾಕ್ ಎನ್‌ಕೋಡರನ್ನು ರೂಪಿಸಿದರು. ಪರವಾನಗಿ ಹೊಂದಿಕೆಯಾಗಿತ್ತು, ಭಾಷೆಯೂ ಸಿ, ಬರೆದವರೂ ಅವರೇ ಆಗಿದ್ದರು. ಈ ಮೂರರಲ್ಲಿ ಒಂದು ಕೊರತೆಯಾದರೂ ದಾರಿ ದುರ್ಗಮವಾಗುತ್ತದೆ.

ಎಫ್‌ಎಫ್‌ಎಂಪೆಗ್‌ನ ಬಹುಪಾಲು, ಜಿಪಿಎಲ್‌ಗಿಂತ ಸಡಿಲವಾದ ಎಲ್‌ಜಿಪಿಎಲ್ 2.1 ಅಥವಾ ಅನಂತರದ ಆವೃತ್ತಿಯ ಅಡಿಯಲ್ಲಿದೆ. ನಿಮ್ಮ ವಿದ್ಯಾರ್ಥಿಗಳ ಲೈಬ್ರರಿಗೂ ಮೊದಲ ದಿನದಿಂದಲೇ ಅದೇ ಪರವಾನಗಿ ಇರಲಿ, ಮತ್ತು ಪ್ರತಿ ಕಡತದ ತಲೆಯಲ್ಲಿ ಬರೆದವರ ಹೆಸರು ಇರಲಿ. ಕೃತಿಸ್ವಾಮ್ಯ ಆಯಾ ಬರೆದವರದಾದ್ದರಿಂದ, ಮುಂದೆ ಪರವಾನಗಿ ಬದಲಿಸುವ ಪ್ರಸಂಗ ಬಂದರೆ ಎಲ್ಲರ ಒಪ್ಪಿಗೆ ಬೇಕಾಗುತ್ತದೆ. ಪಾಸಾಗಿ ಪುಣೆ, ಹೈದರಾಬಾದ್ ಎಂದು ಹಂಚಿಹೋದ ನಾಲ್ವರ ಸಹಿ ಸಂಗ್ರಹಿಸುವುದು ಎಷ್ಟು ಪ್ರಯಾಸವೆಂದು ನಿಮಗೆ ಹೇಳಬೇಕಿಲ್ಲ. ಕಾಲೇಜಿನ ನಿಯಮಗಳಲ್ಲಿ ಪ್ರಾಜೆಕ್ಟಿನ ಹಕ್ಕು ಸಂಸ್ಥೆಗೆ ಸೇರಿದ್ದೆಂದು ಇದೆಯೇ ಎಂಬುದನ್ನೂ ಈಗಲೇ ನೋಡಿಕೊಳ್ಳಿ. ಐಎಸ್‌ಒ ಮಾದರಿ ಕೋಡಿನಿಂದಾಗಲಿ ಫ್ರೌನ್‌ಹೋಫರ್ ಕೋಡಿನಿಂದಾಗಲಿ ಸಾಲುಗಳನ್ನು ನಕಲಿಸಲು ಬಿಡಬೇಡಿ.

ಕೋಡಿನ ವಿಷಯದಲ್ಲಿ, ಜಾಗತಿಕ ಚರಗಳನ್ನು ಬಳಸದೆ ಎಲ್ಲ ಸ್ಥಿತಿಯನ್ನೂ ಒಂದು ಸ್ಟ್ರಕ್ಚರಿನಲ್ಲಿ ಇಟ್ಟುಕೊಳ್ಳಬೇಕು. ಆರಂಭಿಸು, ಒಂದು ಫ್ರೇಮ್ ಕೊಡು, ಸಿದ್ಧವಾದ ಪ್ಯಾಕೆಟ್ ತೆಗೆದುಕೋ, ಮುಚ್ಚು ಎಂಬ ನಾಲ್ಕೇ ಕರೆಗಳಲ್ಲಿ ಹೊರಗಿನ ಪ್ರಪಂಚದೊಡನೆ ವ್ಯವಹರಿಸಬೇಕು. ಲಿಬ್‌ಎವಿಕೋಡೆಕ್‌ನ ಇಂಟರ್‌ಫೇಸೂ ಇದೇ ತರಹದ್ದು. ವಿದ್ಯಾರ್ಥಿಗಳು ಸಾಮಾನ್ಯವಾಗಿ ಮರೆಯುವುದು ವಿಳಂಬದ ಲೆಕ್ಕವನ್ನು. ಎನ್‌ಕೋಡರ್ ಒಳಗೆ ಕಿಟಕಿಗಳು ಒಂದರ ಮೇಲೊಂದು ಹೊದೆಯುವುದರಿಂದ ಹೊರಬರುವ ಶಬ್ದದ ಆರಂಭಕ್ಕೆ ಕೆಲವು ಮೌನದ ಸ್ಯಾಂಪಲ್‌ಗಳು ಅಂಟಿಕೊಳ್ಳುತ್ತವೆ. ಎಷ್ಟು ಅಂಟಿವೆ ಎಂಬುದನ್ನು ಎನ್‌ಕೋಡರ್ ಸ್ಪಷ್ಟವಾಗಿ ತಿಳಿಸದಿದ್ದರೆ ಪ್ಲೇಯರ್ ಅದನ್ನು ಕತ್ತರಿಸಲಾರದು. ಲೇಮ್‌ನಲ್ಲಿ ಇದು ಸಾಮಾನ್ಯವಾಗಿ 576 ಸ್ಯಾಂಪಲ್, ಅದರ ಮೇಲೆ ಡಿಕೋಡರಿನದು 529. ಕೂಡಿದರೆ 25 ಮಿಲಿಸೆಕೆಂಡ್. ಇಡೀ ರಾತ್ರಿಯ ಭಜನೆಯನ್ನು ಹಾಡು ಹಾಡಾಗಿ ಕತ್ತರಿಸಿ ಕ್ರಮವಾಗಿ ನುಡಿಸಿದಾಗ, ಪ್ರತಿ ಜೋಡಣೆಯಲ್ಲಿ ತಾಳ ಒಂದು ಕ್ಷಣ ತಪ್ಪಿದಂತೆ ಕೇಳಿಸುವುದು ಈ ಲೆಕ್ಕ ಬಿಟ್ಟುಹೋದಾಗ. ಲೇಮ್ ಈ ಸಂಖ್ಯೆಯನ್ನು ಕಡತದ ಮೊದಲ ಫ್ರೇಮಿನಲ್ಲಿ ಬರೆದಿಡುತ್ತದೆ, ಲಿಬ್‌ಎವಿಕೋಡೆಕ್‌ನಲ್ಲಿ ಅದಕ್ಕೆಂದೇ ಒಂದು ಚರವಿದೆ.

ಇವೆಲ್ಲ ಇದ್ದರೂ ಪರಿಶೀಲಿಸುವವರು ಕೇಳುವ ಮೊದಲ ಪ್ರಶ್ನೆ, ಇದನ್ನು ಮುಂದೆ ಯಾರು ನೋಡಿಕೊಳ್ಳುತ್ತಾರೆ ಎಂಬುದು. ಕಾಲೇಜು ಬಿಡುವ ವಿದ್ಯಾರ್ಥಿಯ ಬಳಿ ಅದಕ್ಕೆ ಉತ್ತರವಿರುವುದು ಅಪರೂಪ, ನಿಮ್ಮ ಬಳಿ ಇರಬಹುದು.

ಪ್ರಶ್ನೆ: ದುಬಾರಿ ಸ್ಟುಡಿಯೋ ಇಲ್ಲದೆ ನಮ್ಮ ಎನ್‌ಕೋಡರ್ ಚೆನ್ನಾಗಿದೆಯೆಂದು ತೋರಿಸುವುದು ಹೇಗೆ? ಸಿಗ್ನಲ್-ನಾಯ್ಸ್ ಅನುಪಾತ (ಮೂಲ ಶಬ್ದಕ್ಕೂ ದೋಷಕ್ಕೂ ಇರುವ ಅನುಪಾತ) ಕೊಟ್ಟರೆ ಸಾಲದೆ?
– ಎಂ.ಟೆಕ್. ವಿದ್ಯಾರ್ಥಿನಿ, ಬೀದರ್

ಉತ್ತರ: ಸಾಲದು. ಕಿವಿಗೆ ಕೇಳದ ಜಾಗದಲ್ಲಿ ದೋಷವನ್ನು ಅಡಗಿಸಿಡುವುದೇ ಇಂತಹ ಎನ್‌ಕೋಡರುಗಳ ಕೆಲಸವಾಗಿರುವುದರಿಂದ, ಚೆನ್ನಾಗಿ ಕೇಳಿಸುವ ಎನ್‌ಕೋಡರಿಗೆ ಅನುಪಾತ ಕಡಿಮೆ ಬರುವ ಸಾಧ್ಯತೆಯೇ ಹೆಚ್ಚು. ಎಬಿಎಕ್ಸ್ ಪರೀಕ್ಷೆ ಮಾಡಿ. ಮೂಲ ಮತ್ತು ಎನ್‌ಕೋಡ್ ಮಾಡಿದ ತುಣುಕುಗಳನ್ನು ಕೇಳಿಸಿ, ಗುರುತು ಮರೆಸಿದ ಮೂರನೆಯದು ಯಾವುದೆಂದು ಕೇಳಿ. 16 ಸರದಿಯಲ್ಲಿ 12 ಅಥವಾ ಹೆಚ್ಚು ಸಲ ಸರಿ ಹೇಳಿದರೆ, ಅದು ಬರಿಯ ಊಹೆಯಿಂದ ಆಗಿರುವ ಸಂಭವ ಶೇ. 4ಕ್ಕಿಂತ ಕಡಿಮೆ. ಹಲವು ಎನ್‌ಕೋಡರುಗಳನ್ನು ಒಟ್ಟಿಗೆ ಹೋಲಿಸಬೇಕಾದರೆ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ (ಐಟಿಯು) ರೂಪಿಸಿದ ಮುಶ್ರಾ ವಿಧಾನ ಬಳಸಿ. ಅದರಲ್ಲಿ ಮೂಲವನ್ನೂ, 3.5 ಕಿಲೋಹರ್ಟ್ಸ್‌ಗೆ ಮೊಟಕುಗೊಳಿಸಿದ ಕೆಟ್ಟ ಪ್ರತಿಯನ್ನೂ ಹೆಸರಿಲ್ಲದೆ ಬೆರೆಸಿಡುತ್ತಾರೆ. ಮೂಲಕ್ಕೇ ಕಡಿಮೆ ಅಂಕ ಕೊಟ್ಟವರ ಉತ್ತರಗಳನ್ನು ಪಕ್ಕಕ್ಕಿಡಬಹುದು.

ಸ್ಟುಡಿಯೋ ಬೇಡ, ಕಿವಿ ಮುಚ್ಚುವ ಸಾಧಾರಣ ಹೆಡ್‌ಫೋನ್ ಸಾಕು. ನಮ್ಮ ಭಾಗದ ಏಪ್ರಿಲ್-ಮೇ ತಿಂಗಳಲ್ಲಿ ಫ್ಯಾನ್ ಹಾಕದೆ ಕೂರಲಾಗುವುದಿಲ್ಲ, ಹಾಕಿದರೆ ಅದರ ಗಾಳಿಸದ್ದು ನೀವು ಹುಡುಕುತ್ತಿರುವ ದೋಷವನ್ನೇ ಮುಚ್ಚಿಬಿಡುತ್ತದೆ. ಬೆಳಗಿನ ಜಾವ ಪರೀಕ್ಷೆ ಇಟ್ಟುಕೊಳ್ಳಿ, ಒಬ್ಬರನ್ನು ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಕೂರಿಸಬೇಡಿ. ಕೇಳುವವರಲ್ಲಿ ಇಬ್ಬರಾದರೂ ದಮ್ಮಡಿ ಬಾರಿಸಿ ಬಲ್ಲವರಿರಲಿ. ಪೆಟ್ಟಿನ ಮೊನೆ ಮೊಂಡಾದದ್ದು ಅವರಿಗೆ ಮೊದಲು ತಿಳಿಯುತ್ತದೆ.

ಪ್ರಶ್ನೆ: ಶಹಾಪುರದ ನಮ್ಮ ಸಂಘದವರು ಹಾಡುಗಳನ್ನು ಎಂಪಿ3 ಮಾಡಿ ಹಂಚಿದರೆ ಪೇಟೆಂಟ್ ಹಣ ಕಟ್ಟಬೇಕೆ?
– ಓದುಗರು, ಯಾದಗಿರಿ ಜಿಲ್ಲೆ

ಉತ್ತರ: ಬೇಡ. ಎಂಪಿ3ಯ ಪರವಾನಗಿ ಯೋಜನೆಯನ್ನು ಫ್ರೌನ್‌ಹೋಫರ್ ಸಂಸ್ಥೆ 2017ರ ಏಪ್ರಿಲ್‌ನಲ್ಲಿ ನಿಲ್ಲಿಸಿತು. ಎಎಸಿಗೆ ಪರವಾನಗಿ ವ್ಯವಸ್ಥೆ ಈಗಲೂ ಇದೆ, ಆದರೆ ಅದು ಎನ್‌ಕೋಡರ್, ಡಿಕೋಡರ್ ತಯಾರಿಸಿ ಮಾರುವವರಿಗೆ ಸಂಬಂಧಿಸಿದ್ದು. ಓಪಸ್ ಆರಂಭದಿಂದಲೂ ಶುಲ್ಕರಹಿತ. ಹಾಡಿನ ಹಕ್ಕು ಬೇರೆಯೇ ವಿಷಯ. ಹಾಡಿದವರ ಒಪ್ಪಿಗೆಯನ್ನು ಬರವಣಿಗೆಯಲ್ಲಿ ಪಡೆದುಕೊಳ್ಳಿ.